ತನ್ನನ್ನು ತಾನೇ ತೊಳೆದುಕೊಳ್ಳೋ ಕಂಬಳಿ ಸಾಧ್ಯನಾ? ಉಣ್ಣೆ, ನ್ಯಾನೋ ಕೋಟಿಂಗ್ ಮತ್ತು ನಮ್ಮ ಗುಂಡ್ಲುಪೇಟೆ ಬಿಸಿಲು



ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನ್ಯಾನೋ ಮೆಟೀರಿಯಲ್ಸ್ ಬಗ್ಗೆ ಎಲ್ಲರೂ ಓದಿರ್ತೀವಿ. ಆ ಪಾಠದ ಕೊನೆಯಲ್ಲಿ ಉಪಯೋಗಗಳು ಅಂತ ನಾಲ್ಕೈದು ಪಾಯಿಂಟ್ ಬರುತ್ತೆ. ಅದರಲ್ಲಿ ಸೆಲ್ಫ್ ಕ್ಲೀನಿಂಗ್ ಬಟ್ಟೆ ಕೂಡ ಒಂದು. ಎಕ್ಸಾಮಿಗೆ ಒಂದು ಸಾಲು ಬರೆದರೆ ಸಾಕು. ಆದರೆ ಆ ಒಂದು ಸಾಲನ್ನು ಬಿಡಿಸುತ್ತಾ ಹೋದರೆ ಫಿಸಿಕ್ಸ್, ಕೆಮಿಸ್ಟ್ರಿ, ಮೆಟೀರಿಯಲ್ ಸೈನ್ಸ್ ಮೂರೂ ಸಿಗುತ್ತೆ. ಜೊತೆಗೆ ಒಂದು ಒಳ್ಳೆ ಪ್ರಶ್ನೆನೂ ಸಿಗುತ್ತೆ: ಈ ಕೋಟಿಂಗನ್ನ ನಮ್ಮ ಕಡೆ ಕಂಬಳಿಗೆ ಹಾಕಬಹುದಾ, ಹಾಕಬೇಕಾ?

ನಮ್ಮದು ಗುಂಡ್ಲುಪೇಟೆ ತಾಲ್ಲೂಕು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಹಾಗಾಗಿ ಕೆಲವು ಪದ ಇಂಗ್ಲಿಷಿನವೇ ಬರುತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಕೊಂಡು ಓದಿ, ನಡುವೆ ಮೂರು ಚಿಕ್ಕ ಲೆಕ್ಕ ಇದೆ.

1. ಉಣ್ಣೆ ತೊಳೆಯೋದು ಯಾಕೆ ಕಷ್ಟ?

ನಮ್ಮ ಅಜ್ಜಿ ಹತ್ರ ಒಂದು ಕರಿ ಕಂಬಳಿ ಇದೆ. ಅದನ್ನ ಯಾಕೆ ತೊಳೆಯಲ್ಲ ಅಂತ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: "ಕಂಬ್ಳಿಯ ತೊಳುದ್ರ ಕೆಟ್ಟೋಯ್ತದ ಕನ ಮಗ, ಬಿಸುಲ್ಗ ಹಾಕ್ಬುಡು ಸಾಕು." ಇದರಲ್ಲಿ ಎರಡು ಮಾತಿದೆ. ತೊಳೆದರೆ ಕೆಡುತ್ತೆ ಅನ್ನೋದು ಒಂದು, ಬಿಸಿಲು ಕ್ಲೀನ್ ಮಾಡುತ್ತೆ ಅನ್ನೋದು ಇನ್ನೊಂದು. ಎರಡಕ್ಕೂ ಕೆಮಿಸ್ಟ್ರಿ ಇದೆ.

ಮೊದಲು ಕೆಡೋದು ಹೇಗೆ ಅಂತ ನೋಡೋಣ. ಹತ್ತಿ ಅಂದರೆ ಸೆಲ್ಯುಲೋಸ್, ಅಂದರೆ ಕಾರ್ಬೋಹೈಡ್ರೇಟ್. ಉಣ್ಣೆ ಹಾಗಲ್ಲ, ಅದು ಕೆರಾಟಿನ್ ಅನ್ನೋ ಪ್ರೋಟೀನ್. ನಮ್ಮ ಕೂದಲು, ಉಗುರು ಎರಡೂ ಅದೇ. ಮೈಕ್ರೋಸ್ಕೋಪಲ್ಲಿ ನೋಡಿದರೆ ಉಣ್ಣೆಯ ಎಳೆ ಮೇಲೆ ಮನೆಗೆ ಹಂಚು ಹೊದಿಸಿದ ಹಾಗೆ ಚಿಕ್ಕ ಚಿಕ್ಕ ಪದರಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತೆ. ನೀರಲ್ಲಿ ನೆನೆಸಿ, ಸೋಪು ಹಾಕಿ, ಕಲ್ಲಿಗೆ ಬಡಿದರೆ ಪಕ್ಕಪಕ್ಕದ ಎಳೆಗಳ ಹಂಚುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತೆ. ಒಂದು ದಿಕ್ಕಿಗೆ ಜಾರುತ್ತೆ, ವಾಪಸ್ ಬರಲ್ಲ. ಬಟ್ಟೆ ಕುಗ್ಗಿ, ದಪ್ಪ ಆಗಿ, ಗಟ್ಟಿ ಆಗುತ್ತೆ. ಇದಕ್ಕೆ ಫೆಲ್ಟಿಂಗ್ ಅಂತಾರೆ. ಸ್ವೆಟರ್ ವಾಷಿಂಗ್ ಮೆಷಿನ್‌ಗೆ ಹಾಕಿ ತಮ್ಮನ ಸೈಜಿಗೆ ಬಂದಿರೋದನ್ನ ನೀವೂ ನೋಡಿರಬಹುದು.

ಇನ್ನೊಂದು ತೊಂದರೆ ಸೋಪಿಂದು. ಬಾರ್ ಸೋಪು, ವಾಷಿಂಗ್ ಸೋಡಾ ಎರಡೂ ಕ್ಷಾರ. ಕ್ಷಾರ ಹತ್ತಿಗೆ ಅಷ್ಟು ಏನೂ ಮಾಡಲ್ಲ, ಪ್ರೋಟೀನಿಗೆ ಮಾತ್ರ ಆಗಿಬರಲ್ಲ. ಕೆರಾಟಿನ್ನಿಗೆ ಬಲ ಕೊಡೋದು ಗಂಧಕದ ಡೈಸಲ್ಫೈಡ್ ಬಂಧಗಳು. ಕ್ಷಾರ ಅವುಗಳನ್ನೇ ಮುರಿಯುತ್ತೆ. ಮೂರನೇದು ಬರೀ ಕಷ್ಟದ ಮಾತು: ನೀರು ಕುಡಿದ ಕಂಬಳಿ ಎತ್ತೋಕೇ ಇಬ್ಬರು ಬೇಕು, ಒಣಗೋಕೆ ದಿನಗಟ್ಟಲೆ ಬೇಕು. ಬೋರ್‌ವೆಲ್ ನೀರನ್ನ ಎಣಿಸಿ ಬಳಸೋ ಊರಲ್ಲಿ ಇದು ಚಿಕ್ಕ ವಿಷಯ ಅಲ್ಲ.

ಹಾಗಾಗಿ ತೊಳೆಯದೇ ಕ್ಲೀನ್ ಆಗೋ ಉಣ್ಣೆ ಅನ್ನೋದು ಲ್ಯಾಬಿನವರ ಶೋಕಿ ಅಲ್ಲ, ನಿಜವಾದ ಅಗತ್ಯ.

2. ಎರಡು ದಾರಿ: ಜಾರಿಸೋದು, ಸುಡೋದು

ಸೆಲ್ಫ್ ಕ್ಲೀನಿಂಗ್ ಅಂದ ತಕ್ಷಣ ನಮಗೆ ನೆನಪಾಗೋದು ತಾವರೆ ಎಲೆ. ನಮ್ಮ ಕಡೆ ಕೆಸುವಿನ ಎಲೆ ಮೇಲೆ ನೀರು ಹಾಕಿ ನೋಡಿದರೂ ಅದೇ. ನೀರು ಮುತ್ತಾಗಿ ಉರುಳಿ ಹೋಗುತ್ತೆ, ಹೋಗ್ತಾ ಧೂಳನ್ನೂ ಎತ್ಕೊಂಡು ಹೋಗುತ್ತೆ. ಎಲೆ ಮೇಲಿನ ಮೇಣ ಮತ್ತು ಅತಿ ಸಣ್ಣ ಉಬ್ಬುಗಳು ಸೇರಿ ಮಾಡೋ ಕೆಲಸ ಇದು. ಜರ್ಮನಿಯ ಸಸ್ಯ ವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಇದನ್ನ ವಿವರಿಸಿದ ಮೇಲೆ 'ಲೋಟಸ್ ಎಫೆಕ್ಟ್' ಅನ್ನೋ ಹೆಸರು ಎಲ್ಲ ಕಡೆ ಹಬ್ಬಿತು. ಇದು ಮೊದಲನೇ ದಾರಿ. ನೀರನ್ನ ದೂರ ಇಡೋದು, ಕೊಳೆಯನ್ನ ಜಾರಿಸೋದು.

ಎರಡನೇ ದಾರಿ ಪೂರ್ತಿ ಉಲ್ಟಾ. ಇಲ್ಲಿ ನೀರು ಮುತ್ತಾಗಲ್ಲ, ತೆಳ್ಳಗೆ ಹರಡಿಕೊಳ್ಳುತ್ತೆ. ಕೊಳೆ ಜಾರಲ್ಲ, ಬೆಳಕು ಬಿದ್ದಾಗ ಅಲ್ಲೇ ನಿಧಾನವಾಗಿ ಸುಡುತ್ತೆ. ಬೆಂಕಿ ಇಲ್ಲ, ಹೊಗೆ ಇಲ್ಲ. ಆದರೆ ರಿಯಾಕ್ಷನ್ ಪ್ರಕಾರ ಅದು ಆಕ್ಸಿಡೇಷನ್ನೇ. ಇದನ್ನ ಮಾಡಿಸೋದು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೇಂಟಲ್ಲಿ, ಸನ್‌ಸ್ಕ್ರೀನಲ್ಲಿ ಇರೋದು ಇದೇ ವಸ್ತು.

ಈ ಎರಡು ದಾರಿ ಬೇರೆ ಬೇರೆ ಅನ್ನೋದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಕಂಬಳಿ ವಿಷಯದಲ್ಲಿ ಪ್ರಶ್ನೆ ಬಂದು ನಿಲ್ಲೋದೇ ಇಲ್ಲಿ.

3. ಬೆಳಕು ಕೊಳೆಯನ್ನ ಹೇಗೆ ಸುಡುತ್ತೆ?

ಟೈಟಾನಿಯಂ ಡೈಆಕ್ಸೈಡ್ ಒಂದು ಸೆಮಿಕಂಡಕ್ಟರ್. ಅದರ ಅನಾಟೇಸ್ ಅನ್ನೋ ಹರಳಿನ ಬ್ಯಾಂಡ್ ಗ್ಯಾಪ್ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿ ಇರೋ ಫೋಟಾನ್ ಬಿದ್ದರೆ ಒಂದು ಎಲೆಕ್ಟ್ರಾನ್ ಮೇಲಿನ ಬ್ಯಾಂಡಿಗೆ ಹಾರುತ್ತೆ, ಕೆಳಗೆ ಒಂದು ಹೋಲ್ ಉಳಿಯುತ್ತೆ. ಡಯೋಡ್ ಪಾಠದಲ್ಲಿ ಬರೋ ಹೋಲೇ ಇದು.

ಲೆಕ್ಕ ಒಂದು: ಯಾವ ಬೆಳಕು ಬೇಕು? ತರಂಗಾಂತರ (ನ್ಯಾನೋಮೀಟರಲ್ಲಿ) = 1240 ÷ ಶಕ್ತಿ (ಎಲೆಕ್ಟ್ರಾನ್ ವೋಲ್ಟಲ್ಲಿ). 1240 ÷ 3.2 = 387.5. ಅಂದರೆ ಸುಮಾರು 388 ನ್ಯಾನೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ತರಂಗ ಬೇಕು. ಅದು ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್. ಭೂಮಿಗೆ ತಲುಪೋ ಬಿಸಿಲಿನ ಶಕ್ತಿಯಲ್ಲಿ ಅಲ್ಟ್ರಾವಯಲೆಟ್ ಪಾಲು ಶೇಕಡಾ 5ರ ಆಸುಪಾಸು ಮಾತ್ರ. ಹಾಸ್ಟೆಲ್ ರೂಮಿನ ಎಲ್‌ಇಡಿ ಬಲ್ಬಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಇಂಥ ಬಟ್ಟೆಯನ್ನ ಬೀರುವಿನಲ್ಲಿ ಮಡಚಿಟ್ಟರೆ ಕ್ಲೀನ್ ಆಗಲ್ಲ. ಬಿಸಿಲಿಗೆ ಹಾಕಲೇಬೇಕು. ಅಜ್ಜಿ ಹೇಳಿದ್ದು ಇಲ್ಲೂ ಅನ್ವಯ ಆಗುತ್ತೆ.

ಮುಂದೆ ಏನಾಗುತ್ತೆ? ಹೋಲ್ ಹೋಗಿ ಮೇಲ್ಮೈಯಲ್ಲಿರೋ ನೀರಿನ ಅಣುವಿನ ಜೊತೆ ಸೇರಿ ಹೈಡ್ರಾಕ್ಸಿಲ್ ರಾಡಿಕಲ್ ಮಾಡುತ್ತೆ. ಎಲೆಕ್ಟ್ರಾನ್ ಗಾಳಿಯ ಆಮ್ಲಜನಕವನ್ನ ಹಿಡಿದು ಸೂಪರ್‌ಆಕ್ಸೈಡ್ ಮಾಡುತ್ತೆ. ಇವೆರಡೂ ಸಿಕ್ಕಿದ ಕಾರ್ಬನ್ ಬಂಧವನ್ನ ಮುರಿಯುತ್ತೆ. ಬೆವರಿನ ಜಿಡ್ಡು, ಸಾರಿನ ಕಲೆ, ವಾಸನೆ ಮಾಡೋ ಬ್ಯಾಕ್ಟೀರಿಯಾ ಎಲ್ಲವೂ ಹಂತ ಹಂತವಾಗಿ ಒಡೆದು, ಪೂರ್ತಿ ಆದರೆ ಕೊನೆಗೆ ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಆಗುತ್ತೆ. ಟೈಟಾನಿಯಂ ಡೈಆಕ್ಸೈಡ್ ಮಾತ್ರ ಖರ್ಚಾಗಲ್ಲ, ಅದು ಕ್ಯಾಟಲಿಸ್ಟ್.

ಈ ಕಥೆಯ ಶುರು ಜಪಾನಲ್ಲಿ. ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನ ಒಡೆಯುತ್ತೆ ಅಂತ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅವರು ಹುಡುಕ್ತಾ ಇದ್ದದ್ದು ಬಟ್ಟೆ ತೊಳೆಯೋ ದಾರಿ ಅಲ್ಲ. ಆಮೇಲೆ ಇದೇ ತತ್ವದಿಂದ ತಾನೇ ಕ್ಲೀನ್ ಆಗೋ ಕಿಟಕಿ ಗಾಜು, ಟೈಲ್ಸ್ ಎಲ್ಲ ಬಂತು.

ಒಂದು ಮಿತಿ ಇಲ್ಲೇ ಹೇಳಿಬಿಡ್ತೀನಿ. ಈ ರಿಯಾಕ್ಷನ್ ಸುಡೋದು ಕಾರ್ಬನ್ ಇರೋ ಕೊಳೆಯನ್ನ ಮಾತ್ರ. ನಮ್ಮ ಕೆಮ್ಮಣ್ಣಿನ ಕೆಂಪು ಬಣ್ಣ ಬರೋದು ಕಬ್ಬಿಣದ ಆಕ್ಸೈಡಿಂದ. ಅದು ಆಗಲೇ ಆಕ್ಸಿಡೈಸ್ ಆಗಿ ಕೂತಿದೆ, ಇನ್ನು ಸುಡೋಕೆ ಏನೂ ಉಳಿದಿಲ್ಲ. ಹೊಲದಲ್ಲಿ ಹಾಸಿದ ಕಂಬಳಿಗೆ ಹತ್ತಿದ ಮಣ್ಣನ್ನ ಯಾವ ನ್ಯಾನೋನೂ ತೆಗೆಯಲ್ಲ. ಕೊಡವಲೇಬೇಕು.

4. ಯಾಕೆ ನ್ಯಾನೋನೇ ಬೇಕು?

ಟೈಟಾನಿಯಂ ಡೈಆಕ್ಸೈಡ್ ನಮಗೇನು ದೂರದ್ದಲ್ಲ. ಗುಂಡ್ಲುಪೇಟೆಯಿಂದ ವಯನಾಡಿನ ಕಡೆಗೆ ಹೋಗೋ ರಸ್ತೆ ಹಿಡಿದರೆ ಕೇರಳ. ಅಲ್ಲಿ ಕೊಲ್ಲಂ ಹತ್ತಿರದ ಚವರದ ಸಮುದ್ರದ ಮರಳಲ್ಲಿ ಟೈಟಾನಿಯಂ ಅದಿರಿದೆ. ಚವರದಲ್ಲೂ ತಿರುವನಂತಪುರದಲ್ಲೂ ಅದರಿಂದ ಬಿಳಿ ಪುಡಿ ಮಾಡೋ ಸರ್ಕಾರಿ ಕಾರ್ಖಾನೆಗಳಿವೆ. ಹಾಗಾದರೆ ಪೇಂಟ್ ಪುಡಿ ತಂದು ಬಟ್ಟೆಗೆ ಬಳಿದರೆ ಆಗಲ್ವಾ? ಆಗಲ್ಲ. ಯಾಕೆ ಅಂತ ಲೆಕ್ಕ ಹೇಳುತ್ತೆ.

ಲೆಕ್ಕ ಎರಡು: ಕಣ ಗುಂಡಗಿದೆ ಅಂದುಕೊಳ್ಳಿ. ಒಂದು ಗ್ರಾಮಿಗೆ ಸಿಗೋ ಮೇಲ್ಮೈ = 6 ÷ (ಸಾಂದ್ರತೆ × ವ್ಯಾಸ). ಅನಾಟೇಸ್ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.9 ಗ್ರಾಂ. ಪೇಂಟಿನ ಕಣದ ವ್ಯಾಸ 200 ನ್ಯಾನೋಮೀಟರ್ ಅಂತ ಇಟ್ಟರೆ ಗ್ರಾಮಿಗೆ ಸುಮಾರು 7.7 ಚದರ ಮೀಟರ್ ಮೇಲ್ಮೈ. 5 ನ್ಯಾನೋಮೀಟರ್ ಕಣ ಆದರೆ ಸುಮಾರು 308 ಚದರ ಮೀಟರ್. 40 ಪಟ್ಟು ಜಾಸ್ತಿ! ರಿಯಾಕ್ಷನ್ ನಡೆಯೋದು ಮೇಲ್ಮೈಯಲ್ಲಿ, ಹಾಗಾಗಿ ಅಷ್ಟೇ ವಸ್ತುವಿನಿಂದ ತುಂಬ ಹೆಚ್ಚು ಕೆಲಸ.

ಇನ್ನೊಂದು ಲಾಭನೂ ಇದೆ. 200 ನ್ಯಾನೋಮೀಟರ್ ಕಣ ಬೆಳಕನ್ನ ಚೆನ್ನಾಗಿ ಚದುರಿಸುತ್ತೆ, ಅದಕ್ಕೇ ಪೇಂಟ್ ಬೆಳ್ಳಗೆ ಕಾಣೋದು. 5 ನ್ಯಾನೋಮೀಟರ್ ಕಣದ ತೆಳು ಪದರ ಕಣ್ಣಿಗೆ ಕಾಣಲ್ಲ. ಕರಿ ಕಂಬಳಿ ಕರ್ರಗೇ ಇರುತ್ತೆ, ಸುಣ್ಣ ಬಳಿದ ಹಾಗೆ ಆಗಲ್ಲ.

5. ಉಣ್ಣೆಗೆ ಅಂಟಿಸೋದೇ ದೊಡ್ಡ ಕೆಲಸ

ಗಾಜಿನ ಮೇಲೆ ಈ ಕೋಟಿಂಗ್ ಮಾಡೋದು ಸುಲಭ. ಹರಳು ಚೆನ್ನಾಗಿ ಬೆಳೆಯೋಕೆ ಸಾಮಾನ್ಯವಾಗಿ 400 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿ ಮಾಡ್ತಾರೆ, ಗಾಜು ತಡೆಯುತ್ತೆ. ಉಣ್ಣೆಗೆ ಅಷ್ಟು ಬಿಸಿ ಕೊಟ್ಟರೆ ಕೂದಲು ಸುಟ್ಟ ವಾಸನೆ ಬಿಟ್ಟು ಬೇರೇನೂ ಉಳಿಯಲ್ಲ. ಇದಲ್ಲದೆ ಉಣ್ಣೆಯ ಎಳೆಯ ಹೊರಮೈ ಮೇಲೆ ಕೊಬ್ಬಿನ ಒಂದು ತೆಳು ಪದರ ಇದೆ, ಅದು ನೀರನ್ನೂ ನೀರಿನಲ್ಲಿರೋ ಕಣಗಳನ್ನೂ ಹತ್ತಿರ ಸೇರಿಸಲ್ಲ.

ಈ ಎರಡೂ ಸಮಸ್ಯೆಗೆ ಒಂದು ಚಂದದ ಉತ್ತರ ಬಂದದ್ದು 2008ರಲ್ಲಿ. ವಾಲಿದ್ ದಾವೂದ್ ಮತ್ತು ಅವರ ಸಂಗಡಿಗರು 'ಕೆಮಿಸ್ಟ್ರಿ ಆಫ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಇದನ್ನ ಪ್ರಕಟಿಸಿದರು. ಅವರು ಮಾಡಿದ್ದು ಎರಡು ಕೆಲಸ.

ಮೊದಲನೇದು, ಹರಳನ್ನ ಬಟ್ಟೆ ಮೇಲೆ ಬೆಳೆಸಲಿಲ್ಲ. ಸೋಲ್‌ಜೆಲ್ ವಿಧಾನದಲ್ಲಿ ಕಡಿಮೆ ಉಷ್ಣತೆಯಲ್ಲೇ ಅನಾಟೇಸ್ ನ್ಯಾನೋ ಹರಳುಗಳನ್ನ ದ್ರಾವಣದಲ್ಲಿ ಮೊದಲೇ ತಯಾರಿಸಿಕೊಂಡರು. ಬಟ್ಟೆಯನ್ನ ಅದರಲ್ಲಿ ಅದ್ದಿ, ಹಿಂಡಿ, ಒಣಗಿಸಿದರೆ ಆಯ್ತು.

ಎರಡನೇದು, ಉಣ್ಣೆಗೇ ಕೈ ಮೂಡಿಸಿದರು! ಸಕ್ಸಿನಿಕ್ ಅನ್‌ಹೈಡ್ರೈಡ್ ಜೊತೆ ರಿಯಾಕ್ಷನ್ ಮಾಡಿಸಿ ಕೆರಾಟಿನ್ನಿಗೆ ಹೆಚ್ಚುವರಿ ಕಾರ್ಬಾಕ್ಸಿಲ್ ಗುಂಪುಗಳನ್ನ ಜೋಡಿಸಿದರು. ಟೈಟಾನಿಯಂಗೆ ಕಾರ್ಬಾಕ್ಸಿಲ್ ಅಂದರೆ ಇಷ್ಟ, ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಕೈ ಜಾಸ್ತಿ ಇದ್ದಷ್ಟೂ ಕಣ ಚೆನ್ನಾಗಿ ಅಂಟುತ್ತೆ.

ಆಮೇಲೆ ಬಟ್ಟೆ ಮೇಲೆ ರೆಡ್ ವೈನ್ ಚೆಲ್ಲಿ ಸೂರ್ಯನ ಬೆಳಕಿನಂಥ ದೀಪದ ಕೆಳಗೆ ಇಟ್ಟರು. 20 ಗಂಟೆ ಆದ ಮೇಲೆ ನೋಡಿದರೆ ಕೋಟಿಂಗ್ ಇಲ್ಲದ ಉಣ್ಣೆಯಲ್ಲಿ ಕಲೆ ಎದ್ದು ಕಾಣ್ತಿತ್ತು. ಕಾರ್ಬಾಕ್ಸಿಲ್ ಜೋಡಿಸಿ ಕೋಟಿಂಗ್ ಮಾಡಿದ್ದರಲ್ಲಿ ಬಹುತೇಕ ಮಾಯ. ನಮ್ಮೂರಲ್ಲಿ ಉಣ್ಣೆ ಮೇಲೆ ವೈನ್ ಚೆಲ್ಲೋರು ಕಡಿಮೆ. ಅದರ ಬದಲು ನೇರಳೆ ಹಣ್ಣು ಅಂದುಕೊಳ್ಳಿ. ವೈನಿನ ಕೆಂಪು, ನೇರಳೆಯ ನೇರಳೆ ಎರಡಕ್ಕೂ ಕಾರಣ ಆಂಥೋಸಯನಿನ್ ಅನ್ನೋ ಒಂದೇ ಗುಂಪಿನ ಬಣ್ಣ.

ಲೆಕ್ಕ ಮೂರು: ಇಂಥ ರಿಯಾಕ್ಷನ್ನನ್ನ ಮೊದಲ ಅಂದಾಜಿಗೆ ಫಸ್ಟ್ ಆರ್ಡರ್ ಅಂತ ತಗೋಬಹುದು. ಕಲೆ 5 ಗಂಟೆಗೆ ಅರ್ಧ ಆಗುತ್ತೆ ಅಂತ ಊಹಿಸೋಣ. 20 ಗಂಟೆ ಅಂದರೆ ನಾಲ್ಕು ಸಲ ಅರ್ಧ. ಉಳಿಯೋದು ಹದಿನಾರನೇ ಒಂದು ಭಾಗ, ಸುಮಾರು ಶೇಕಡಾ 6. ಒಳ್ಳೆ ಬಿಸಿಲು ದಿನಕ್ಕೆ 6 ಗಂಟೆ ಸಿಕ್ಕರೆ 20 ಗಂಟೆಗೆ ಮೂರು ದಿನಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಜಾಹೀರಾತಲ್ಲಿ ಚಿಟಿಕೆ ಹೊಡೆದ ಹಾಗೆ ಆಗೋದಿಲ್ಲ, ಇದು ನಿಧಾನದ ಕೆಲಸ.

ಮುಂದೆ ಇದೇ ದಾವೂದ್, ಎಸ್ಫಂದಿಯಾರ್ ಪಕ್ದೆಲ್ ಮತ್ತಿತರರು ಟೈಟಾನಿಯಂ ಜೊತೆ ಸಿಲಿಕಾ ಸೇರಿಸಿ ಉಣ್ಣೆಗೆ ಹಾಕಿದರು. 2013ರ ಆ ಕೆಲಸದಲ್ಲಿ ಕಲೆ ಹೋಗೋದು ಇನ್ನೂ ಚೆನ್ನಾಗಾಯ್ತು, ಜೊತೆಗೆ ಉಣ್ಣೆ ನೀರನ್ನ ತಕ್ಷಣ ಹೀರುವಂತೆ, ಅಂದರೆ ಸೂಪರ್ ಹೈಡ್ರೋಫಿಲಿಕ್ ಆಯ್ತು. ಈ ಪದದ ಕೆಳಗೆ ಒಂದು ಗೆರೆ ಎಳೆದುಕೊಳ್ಳಿ.

6. ಅರಿಶಿನದ ಮೋಸ

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅರಿಶಿನ ದೊಡ್ಡ ಬೆಳೆ. ಕೀಳೋದು, ಬೇಯಿಸೋದು, ಒಣಗಿಸೋದು ನಡೆಯೋ ಕಾಲದಲ್ಲಿ ಕೈ, ಕಾಲು, ಬಟ್ಟೆ ಎಲ್ಲ ಹಳದಿ. ಹಾಗಾಗಿ ಸೆಲ್ಫ್ ಕ್ಲೀನಿಂಗ್ ಬಟ್ಟೆ ಟೆಸ್ಟ್ ಮಾಡೋಕೆ ನಮ್ಮ ಕಡೆಯವರಿಗೆ ಮೊದಲು ಹೊಳೆಯೋದು ಅರಿಶಿನದ ಕಲೆನೇ. ಕೋಟಿಂಗ್ ಹಾಕಿದ ಬಟ್ಟೆ ಮೇಲೆ ಅರಿಶಿನ ಹಚ್ಚಿ, ಬಿಸಿಲಿಗೆ ಇಟ್ಟು, ಹಳದಿ ಹೋಯ್ತು ಅಂತ ಫೋಟೋ ಹಾಕಿದರೆ ಪ್ರಾಜೆಕ್ಟ್ ಸಕ್ಸಸ್. ಅಲ್ವಾ?

ಅಲ್ಲ. ಅರಿಶಿನದ ಹಳದಿ ಬಣ್ಣ ಕರ್ಕ್ಯುಮಿನ್‌ದು. ಅದು ಕಣ್ಣಿಗೆ ಕಾಣೋ ನೀಲಿ ಬೆಳಕನ್ನೇ ಹೀರಿಕೊಂಡು ತಾನಾಗೇ ಒಡೆದುಹೋಗುತ್ತೆ. ಕೋಟಿಂಗ್ ಇಲ್ಲದ ಮಾಮೂಲಿ ಪಂಚೆಯನ್ನ ಬಿಸಿಲಿಗೆ ಹಾಕಿದರೂ ಅರಿಶಿನದ ಕಲೆ ಮಾಸುತ್ತೆ. ಮನೆಯಲ್ಲಿ ಯಾರನ್ನ ಕೇಳಿದರೂ ಇದನ್ನ ಹೇಳ್ತಾರೆ. ಅಂದರೆ ಬರೀ ಅರಿಶಿನ ಮಾಸಿದ್ದನ್ನ ತೋರಿಸಿದರೆ ನಾವು ತೋರಿಸಿದ್ದು ಬಿಸಿಲಿನ ಕೆಲಸವನ್ನ, ಟೈಟಾನಿಯಂ ಕೆಲಸವನ್ನಲ್ಲ.

ಇನ್ನೊಂದು ಮೋಸನೂ ಇದೆ. ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತೆ. ಓಕುಳಿ ನೀರು ಮಾಡೋದು ಹಾಗೇ ತಾನೆ, ಅರಿಶಿನಕ್ಕೆ ಸುಣ್ಣ ಹಾಕಿ. ಬಟ್ಟೆಯಲ್ಲಿ ಸೋಪಿನ ಅಂಶ ಉಳಿದಿದ್ದರೆ ಬಣ್ಣ ಬದಲಾಗಿ ಹಳದಿ ಕಮ್ಮಿ ಆದಂತೆ ಕ್ಯಾಮೆರಾ ಹೇಳಬಹುದು.

ಹಾಗಾಗಿ ಟೆಸ್ಟ್ ಮಾಡೋವಾಗ ನಾಲ್ಕು ತುಂಡು ಇರಲೇಬೇಕು. ಕೋಟಿಂಗ್ ಇದ್ದು ಬಿಸಿಲಲ್ಲಿ, ಕೋಟಿಂಗ್ ಇದ್ದು ಕತ್ತಲಲ್ಲಿ, ಕೋಟಿಂಗ್ ಇಲ್ಲದೆ ಬಿಸಿಲಲ್ಲಿ, ಕೋಟಿಂಗ್ ಇಲ್ಲದೆ ಕತ್ತಲಲ್ಲಿ. ಮೊದಲನೇ ತುಂಡು ಮೂರನೇ ತುಂಡಿಗಿಂತ ಎಷ್ಟು ಬೇಗ ಮಾಸಿತು ಅನ್ನೋದು ಮಾತ್ರ ಕೋಟಿಂಗಿನ ಸಾಧನೆ. ಕಲೆಗೆ ಅರಿಶಿನದ ಜೊತೆ ಕಾಫಿ ಡಿಕಾಕ್ಷನ್, ನೇರಳೆ ಹಣ್ಣು, ಎಲೆ ಅಡಿಕೆ ಕೂಡ ತಗೊಳ್ಳಿ. ಒಂದೇ ಬಣ್ಣವನ್ನ ನಂಬಬೇಡಿ.

7. ಈಗ ಕಂಬಳಿಗೆ ಹಾಕೋಣವಾ?

ನಮ್ಮ ರಾಜ್ಯದಲ್ಲಿ ಕುರಿ ಸಾಕೋದು, ಉಣ್ಣೆ ಕತ್ತರಿಸೋದು, ಕಂಬಳಿ ನೇಯೋದು ಹಾಲುಮತದ ಕುರುಬರ ಹಳೇ ಕಸುಬು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಕಂಬಳಿ ಹೆಸರುವಾಸಿ. ಇಲ್ಲಿಯ ಉಣ್ಣೆ ದಖ್ಖನಿ ಕುರಿಯದ್ದು, ಮೆರಿನೋ ಥರ ನಯ ಅಲ್ಲ, ಒರಟು. ನೇಯೋ ಮುಂಚೆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡ್ತಾರೆ. ಯೋಚನೆ ಮಾಡಿ ನೋಡಿದರೆ ಅದೂ ಒಂದು ಕೋಟಿಂಗೇ. ಉಣ್ಣೆಗೆ ಕೋಟಿಂಗ್ ಅನ್ನೋದು ನಮ್ಮವರಿಗೆ ಹೊಸದಲ್ಲ.

ಕಂಬಳಿ ಏನೇನು ಕೆಲಸ ಮಾಡುತ್ತೆ? ಹೊದಿಯೋಕೆ, ಹಾಸೋಕೆ, ದೇವರ ಕಾರ್ಯದಲ್ಲಿ ಗದ್ದಿಗೆಗೆ. ಮುಖ್ಯವಾಗಿ ಕುರಿ ಕಾಯೋರಿಗೆ, ಹೊಲದಲ್ಲಿ ಇರೋರಿಗೆ ಅದೇ ಛತ್ರಿ. ಕೊಪ್ಪೆ ಮಾಡಿ ತಲೆ ಮೇಲೆ ಹಾಕ್ಕೊಂಡರೆ ಸುಮಾರು ಹೊತ್ತು ಮಳೆ ಒಳಗೆ ಇಳಿಯಲ್ಲ. ಯಾಕೆ? ಎಳೆಯ ಹೊರಮೈಯ ಆ ಕೊಬ್ಬಿನ ಪದರ, ಉಣ್ಣೆಯಲ್ಲಿ ಉಳಿದ ಜಿಡ್ಡು, ಒತ್ತಾದ ನೇಯ್ಗೆ ಸೇರಿ ನೀರನ್ನ ಹೊರಗೇ ಉರುಳಿಸುತ್ತೆ. ಅಂದರೆ ಕಂಬಳಿ ಮೊದಲಿಂದಲೂ ಸ್ವಲ್ಪ ಮಟ್ಟಿಗೆ ಕೆಸುವಿನ ಎಲೆಯ ದಾರಿಯಲ್ಲೇ ಇದೆ!

ಈಗ ಅದಕ್ಕೆ ಟೈಟಾನಿಯಂ ಸಿಲಿಕಾ ಹಾಕಿದರೆ ಏನಾಗುತ್ತೆ? ಗೆರೆ ಎಳೆದ ಪದ ನೆನಪಿಸಿಕೊಳ್ಳಿ. ನೀರನ್ನ ಉರುಳಿಸ್ತಿದ್ದ ಉಣ್ಣೆ ಈಗ ನೀರನ್ನ ಎಳೆದುಕೊಳ್ಳುತ್ತೆ. ಆ ಕೊಬ್ಬು, ಜಿಡ್ಡು ಎರಡೂ ಕಾರ್ಬನ್ ವಸ್ತುಗಳು, ಕ್ಯಾಟಲಿಸ್ಟಿಗೆ ಅವೂ ಕೊಳೆ ಥರಾನೇ. ಹುಣಸೆ ಗಂಜಿ ಕಾರ್ಬೋಹೈಡ್ರೇಟ್, ಅದನ್ನೂ ಬಿಡುತ್ತೆ ಅಂತ ನಂಬೋಕೆ ಕಾರಣ ಇಲ್ಲ. ಕಲೆ ಹೋಗುತ್ತೆ, ಆದರೆ ಮಳೆಯಲ್ಲಿ ಹೊದ್ದು ನಿಂತವನು ನೆನೆಯುತ್ತಾನೆ. ಹೊಲದಲ್ಲಿರೋ ಮನುಷ್ಯನಿಗೆ ಕ್ಲೀನಾದ ಒದ್ದೆ ಕಂಬಳಿಗಿಂತ ಕೊಳೆಯಾದ ಒಣ ಕಂಬಳಿನೇ ಮೇಲು.

ಇನ್ನೂ ಒಂದು ಪ್ರಶ್ನೆ ಉಳಿದಿದೆ. ಕೆರಾಟಿನ್ನೂ ಕಾರ್ಬನ್ ವಸ್ತುವೇ. ಕ್ಯಾಟಲಿಸ್ಟಿಗೆ ಇದು ಕಲೆ, ಇದು ಬಟ್ಟೆ ಅನ್ನೋ ವ್ಯತ್ಯಾಸ ಗೊತ್ತಾಗಲ್ಲ. ಅದು ಕೂತಿರೋದೇ ಉಣ್ಣೆಯ ಮೇಲೆ. ಒಂದು ಕಡೆ ಟೈಟಾನಿಯಂ ಡೈಆಕ್ಸೈಡ್ ಅಲ್ಟ್ರಾವಯಲೆಟ್ಟನ್ನ ತಾನೇ ಹೀರಿ ಉಣ್ಣೆಗೆ ಕೊಡೆ ಹಿಡಿಯುತ್ತೆ, ಇನ್ನೊಂದು ಕಡೆ ರಾಡಿಕಲ್ ಹುಟ್ಟಿಸಿ ಅದೇ ಉಣ್ಣೆಯನ್ನ ಕಚ್ಚಬಹುದು. ಯಾವುದು ಗೆಲ್ಲುತ್ತೆ ಅನ್ನೋದು ಪದರದ ದಪ್ಪ, ಹರಳಿನ ಗುಣ, ಬಿಸಿಲಿನ ಅವಧಿ ಮೇಲೆ ನಿಂತಿದೆ. ಕೆಲವು ಗಂಟೆಯ ಲ್ಯಾಬ್ ಫೋಟೋ ಇದಕ್ಕೆ ಉತ್ತರ ಕೊಡಲ್ಲ. ಕಂಬಳಿ ಹತ್ತಾರು ವರ್ಷ ಬಾಳೋ ವಸ್ತು.

ಕರಿ ಕಂಬಳಿ ಇನ್ನೊಂದು ಮಜಾ ಕೇಸ್. ಅದರಲ್ಲಿ ಕಲೆ ಕಾಣೋದೇ ಇಲ್ಲ. ಕಲೆ ಹೋಗೋದರಿಂದ ಬಳಸೋರಿಗೆ ಲಾಭ ಕಮ್ಮಿ, ವಾಸನೆ ಹೋದರೆ ಲಾಭ ಜಾಸ್ತಿ. ಅಂದರೆ ನಾವು ಅಳೆಯಬೇಕಾದದ್ದು ಬಣ್ಣವನ್ನಲ್ಲ, ವಾಸನೆ ಮತ್ತು ಬ್ಯಾಕ್ಟೀರಿಯಾವನ್ನ.

ಹಾಗಾದರೆ ಈ ಕೋಟಿಂಗ್ ವೇಸ್ಟಾ? ಖಂಡಿತ ಇಲ್ಲ. ಮಳೆಗೆ ಹೋಗದ ಉಣ್ಣೆ ಎಷ್ಟೋ ಇದೆ. ಶಾಲು, ಸ್ವೆಟರ್, ಸೂಟಿನ ಬಟ್ಟೆ, ಮಡಿಗೆ ಉಡೋ ಧಾಬಳಿ, ಸೋಫಾ ಬಟ್ಟೆ. ಅವಕ್ಕೆ ನೀರು ಹೀರೋದರಿಂದ ನಷ್ಟ ಇಲ್ಲ, ಬೆವರು ಬೇಗ ಹರಡಿ ಒಣಗಿದರೆ ಲಾಭವೇ. ನಮ್ಮ ಜಿಲ್ಲೆಯ ರೇಷ್ಮೆ ಕೂಡ ಪ್ರೋಟೀನ್. ಹಾಗಾಗಿ ಉಣ್ಣೆಗೆ ಕಲಿತ ಅಂಟಿಸೋ ಪಾಠ ಅಲ್ಲೂ ಉಪಯೋಗಕ್ಕೆ ಬರಬಹುದು, ಬಟ್ಟೆಗೆ ಪೆಟ್ಟು ಬೀಳುತ್ತಾ ಅನ್ನೋ ಪ್ರಶ್ನೆ ಮಾತ್ರ ಅಲ್ಲೂ ಇದ್ದೇ ಇರುತ್ತೆ.

ನನಗೆ ಅನ್ನಿಸೋದು ಇಷ್ಟು. ಒಂದು ಬಟ್ಟೆಗೆ ಹೊಸ ಗುಣ ಸೇರಿಸೋ ಮೊದಲು ಅದು ಈಗ ಏನು ಕೆಲಸ ಮಾಡ್ತಿದೆ ಅಂತ ಅದನ್ನ ಬಳಸೋರನ್ನ ಕೇಳಬೇಕು. ಪಾಣಿಪತ್‌ನ ಅಗ್ಗದ ಬ್ಲಾಂಕೆಟ್ ಮುಂದೆ ಕಂಬಳಿ ಮಾರ್ಕೆಟ್ ಆಗಲೇ ಕಷ್ಟದಲ್ಲಿದೆ. ನ್ಯಾನೋ ಕಂಬಳಿ ಅಂತ ಹೆಸರು ಹಾಕಿ ಬೆಲೆ ಏರಿಸಿ, ಮಳೆ ತಡೆಯೋ ಗುಣವನ್ನೇ ಕಳೆದರೆ ಉಳಿದ ಗಿರಾಕಿನೂ ಹೋಗ್ತಾನೆ. ನಷ್ಟ ನಮಗಲ್ಲ, ನೇಯೋರಿಗೆ.

8. ಉದುರಿದ ಕಣ ಎಲ್ಲಿಗೆ ಹೋಗುತ್ತೆ?

2008ರಲ್ಲೇ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಟ್ರಾಯ್ ಬೆನ್ ಮತ್ತು ಪಾಲ್ ವೆಸ್ಟರ್‌ಹಾಫ್ ಅಂಗಡಿಯಲ್ಲಿ ಸಿಗೋ ನ್ಯಾನೋ ಬೆಳ್ಳಿ ಸಾಕ್ಸ್‌ಗಳನ್ನ ನೀರಲ್ಲಿ ತೊಳೆದು ನೋಡಿದರು. ಕೆಲವು ಸಾಕ್ಸಿಂದ ಬೆಳ್ಳಿ ನೀರಿಗೆ ಬಂತು, ಕೆಲವಂತೂ ನಾಲ್ಕೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲವನ್ನೂ ಬಿಟ್ಟವು. ಟೈಟಾನಿಯಂ ಡೈಆಕ್ಸೈಡ್ ಬೆಳ್ಳಿ ಅಲ್ಲ, ಆದರೆ ಪ್ರಶ್ನೆ ಅದೇ. ಅಂಟು ಗಟ್ಟಿ ಇಲ್ಲದಿದ್ದರೆ ಕೋಟಿಂಗ್ ಕೆರೆ ಸೇರುತ್ತೆ. ಇದರ ಪುಡಿಯನ್ನ ಉಸಿರಲ್ಲಿ ಎಳೆಯೋದೂ ಒಳ್ಳೆಯದಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನ ಕ್ಯಾನ್ಸರಿಗೆ ಕಾರಣ ಆಗಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಹಾಗಾಗಿ ಒಣ ನ್ಯಾನೋ ಪುಡಿ ತರಿಸಿ ಹಾಸ್ಟೆಲ್ ರೂಮಲ್ಲಿ ಆಟ ಆಡಬೇಡಿ. ಲ್ಯಾಬು, ಫ್ಯೂಮ್ ಹುಡ್, ಮಾಸ್ಕ್, ಗ್ಲೌಸ್, ಜೊತೆಗೆ ಮೇಡಂ ಅಥವಾ ಸರ್ ಇರಲೇಬೇಕು.

9. ಪ್ರಾಜೆಕ್ಟ್ ಮಾಡೋರಿಗೆ

ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಹುಡುಕ್ತಾ ಇದ್ದರೆ ಇದನ್ನ ಯೋಚಿಸಿ. ಫೈನಲ್ ಇಯರಲ್ಲಿ ಕೆಎಸ್‌ಸಿಎಸ್‌ಟಿಯ ಸ್ಟೂಡೆಂಟ್ ಪ್ರಾಜೆಕ್ಟ್ ಯೋಜನೆಗೂ ಪ್ರಪೋಸಲ್ ಹಾಕಬಹುದು. ಕಲೆ ಹೋಯ್ತಾ ಅಂತ ಒಂದೇ ನೋಡಬೇಡಿ, ನಾಲ್ಕು ಅಳತೆ ತಗೊಳ್ಳಿ.

ಒಂದು, ಬಣ್ಣ. ಒಂದೇ ಜಾಗ, ಒಂದೇ ದೀಪ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಫೋಟೋ ತೆಗೆದು ಪಿಕ್ಸೆಲ್ ಬೆಲೆ ಹೋಲಿಸಿ. ಕಂಪ್ಯೂಟರ್ ಸೈನ್ಸ್ ಗೆಳೆಯರು ಹತ್ತು ಸಾಲು ಪೈಥಾನಲ್ಲಿ ಮಾಡಿಕೊಡ್ತಾರೆ.

ಎರಡು, ನೀರು. ಡ್ರಾಪರಿಂದ ಒಂದು ಹನಿ ಬಿಟ್ಟು ಅದು ಒಳಗೆ ಇಳಿಯೋಕೆ ಎಷ್ಟು ಸೆಕೆಂಡ್ ಅಂತ ನೋಡಿ. ಕೋಟಿಂಗಿಗೆ ಮುಂಚೆ, ಆಮೇಲೆ, ಬಿಸಿಲಿಗೆ ಇಟ್ಟ ಮೇಲೆ.

ಮೂರು, ಬಲ. ನಮ್ಮ ಮೆಕ್ಯಾನಿಕಲ್ ಲ್ಯಾಬಿನ ಯುಟಿಎಂ ಉಕ್ಕಿನ ಸರಳಿಗೆ ಮಾಡಿದ್ದು, ಒಂದು ಎಳೆ ನೂಲಿಗೆ ಅದು ಆಗಲ್ಲ. ಚಿಕ್ಕ ಸ್ಪ್ರಿಂಗ್ ಬ್ಯಾಲೆನ್ಸ್ ಸಾಕು. ಒಂದು ತಿಂಗಳು ಬಿಸಿಲಲ್ಲಿಟ್ಟ ನೂಲು ಎಷ್ಟು ಎಳೆದರೆ ಹರಿಯುತ್ತೆ ಅಂತ ಕನಿಷ್ಠ 20 ನೂಲಲ್ಲಿ ನೋಡಿ.

ನಾಲ್ಕು, ಬಾಳಿಕೆ. ಹತ್ತು ಸಲ ನೀರಲ್ಲಿ ಮೆಲ್ಲಗೆ ತೊಳೆದು ಮೇಲಿನ ಮೂರನ್ನೂ ಮತ್ತೆ ಮಾಡಿ.

ಇದರ ಜೊತೆಗೆ ಕಂಬಳಿ ನೇಯೋರು ಒಬ್ಬರು, ಕುರಿ ಕಾಯೋರು ಒಬ್ಬರು, ಇಬ್ಬರ ಜೊತೆ ಅರ್ಧ ಗಂಟೆ ಮಾತಾಡಿ. ರಿಪೋರ್ಟಲ್ಲಿ ಲಿಟರೇಚರ್ ಸರ್ವೇ ಅಂತ ಬರೆಯೋ ಹಾಗೆ ಇದನ್ನೂ ಒಂದು ಅಧ್ಯಾಯ ಮಾಡಿ.

ನಿಮಗೆ ನೀವೇ ಕೇಳಿಕೊಳ್ಳಿ

1. ಬ್ಯಾಂಡ್ ಗ್ಯಾಪ್ 2.8 ಎಲೆಕ್ಟ್ರಾನ್ ವೋಲ್ಟಿಗೆ ಇಳಿಸಿದರೆ ಯಾವ ತರಂಗಾಂತರದವರೆಗಿನ ಬೆಳಕು ಸಾಕು? ಅದು ಕಣ್ಣಿಗೆ ಕಾಣೋ ಬೆಳಕಾ?

2. ಕೋಟಿಂಗ್ ಇಲ್ಲದ ತುಂಡಲ್ಲಿ ಕಲೆ ಬಿಸಿಲಿಗೆ 10 ಗಂಟೆಯಲ್ಲಿ ಅರ್ಧ ಆಗುತ್ತೆ, ಕೋಟಿಂಗ್ ಇರೋದರಲ್ಲಿ 5 ಗಂಟೆಯಲ್ಲಿ. 20 ಗಂಟೆ ಆದ ಮೇಲೆ ಎರಡರಲ್ಲೂ ಎಷ್ಟೆಷ್ಟು ಉಳಿಯುತ್ತೆ? ಕೋಟಿಂಗಿನ ನಿಜವಾದ ಪಾಲು ಎಷ್ಟು?

3. ಒಂದೇ ಕಂಬಳಿಯಲ್ಲಿ ಹೊರಮೈ ನೀರು ಉರುಳಿಸಬೇಕು, ಮೈಗೆ ತಾಗೋ ಒಳಮೈ ವಾಸನೆ ಸುಡಬೇಕು. ಒಂದೇ ಕಡೆಗೆ ಮಾತ್ರ ಕೋಟಿಂಗ್ ನಿಲ್ಲಿಸೋದು ಹೇಗೆ? ಬಿಸಿಲಿಗೆ ಹಾಕೋವಾಗ ಯಾವ ಮೈ ಮೇಲೆ ಇರಬೇಕು?

ಮೊದಲ ಎರಡಕ್ಕೆ ಉತ್ತರ ಸುಮಾರು 443 ನ್ಯಾನೋಮೀಟರ್ (ಹೌದು, ನೇರಳೆ ನೀಲಿ ಬೆಳಕು), ಮತ್ತು ಶೇಕಡಾ 25 ಹಾಗೂ 6. ಕೋಟಿಂಗಿನ ಪಾಲು ಸುಮಾರು ಶೇಕಡಾ 19 ಅಷ್ಟೇ, ಉಳಿದ 75ನ್ನ ಬಿಸಿಲೇ ಮಾಡಿರುತ್ತೆ. ಮೂರನೇದಕ್ಕೆ ಯಾರಾದರೂ ಉತ್ತರ ಕಂಡುಹಿಡಿದರೆ ಕ್ಲಬ್ಬಿಗೆ ಬಂದು ಹೇಳಿ. ಮುಂದಿನ ಲೇಖನ ನೀವೇ ಬರೆಯಿರಿ, ಕಂಬಳಿ ನಾನು ತರ್ತೀನಿ.